ಕಲ್ಲು ಹೊತ್ತವರ ನುಂಗಿದ ಅಳು
ಸೂಗೂರೇಶ್ವರನ ಊರಾದ ದೇವಸುಗೂರಲ್ಲಿ ಕೃಷ್ಣೆ ಹರೀತಾಳೆ, ಪಕ್ಕದಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರ. ಆದರೂ ದೇವದುರ್ಗ, ಮಾನ್ವಿ ಕಡೆಯಿಂದ ಜನ ಗುಳೆ ಹೋಗ್ತಾರೆ. ಕೈಗೆ ಮುಂಗಡ ಬಂದರೆ ಒಂದೇ ಭಯ: ಆ ಸಾಲ ಯಾವಾಗ ಬೇಡಿಯಾಗುತ್ತೋ?

ಬೇಡಿ ಅಂದದ್ದು ಬರೀ ಮಾತಿಗಲ್ಲ. 2000ರಲ್ಲಿ ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲುಕ್ವಾರಿಯಲ್ಲಿ ಕೂಲಿಗಳ ಕಾಲಿಗೆ ನಿಜವಾದ ಕಬ್ಬಿಣದ ಸರಪಳಿ ಇತ್ತು. ಅದನ್ನು ಎಳಕೊಂಡೇ ಕಲ್ಲು ಒಡೀತಿದ್ದರು. ಜೀತ ಪದ್ಧತಿಯನ್ನ ರದ್ದು ಮಾಡಿದ ಕಾನೂನು ಬಂದು ಆಗಲೇ 24 ವರ್ಷ!

ಆ ಕ್ವಾರಿ ಅಂದಾಗ ನನಗೆ ನೆನಪಾಗೋದು ಆಸ್ಟ್ರಿಯಾದ ಮೌಥೌಸೆನ್. ನಾಜಿಗಳ ಆ ಶಿಬಿರದಲ್ಲೂ ಕಲ್ಲುಕ್ವಾರಿ. ಕೈದಿಗಳು ಬೆನ್ನ ಮೇಲೆ ಗ್ರಾನೈಟ್ ಹೊತ್ತು 186 ಮೆಟ್ಟಿಲು ಹತ್ತಬೇಕಿತ್ತು. ಅಲ್ಲಿ ಕೊಲ್ಲೋದೇ ಗುರಿ, ಹಾಗಾಗಿ ಎರಡೂ ಒಂದೇ ಅಂತ ನಾನು ಹೇಳಲ್ಲ. ಆದರೆ ಎರಡೂ ಕಡೆ ದಣಿದ ಮೈಗೆ ಅಳೋಕೂ ಬಿಡುವು ಸಿಗಲ್ಲ. ಮನೆಯವರ ನೆನಪು, ಸತ್ತವರ ಸಂಕಟ, ಎಲ್ಲಾ ಒಳಗೇ ಉಳಿಯುತ್ತೆ. ಎದುರಿಗೆ ನಿಂತವನಿಗೆ ಕಾಣೋದು ದುಡಿಯೋ ಕೈ ಮಾತ್ರ.

ಕಾಲಿಗೆ ಸರಪಳಿ ಇಲ್ಲದಿದ್ದರೂ ಸಾಲಕ್ಕೆ ಕಟ್ಟಿಹಾಕಿ ದುಡಿಸೋದು ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದೂ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಜೀತ ರದ್ದು ಮಾಡಿದ 1976ರ ಕಾಯ್ದೆ ಪ್ರಕಾರ ಜೀತದ ಸಾಲ ತೀರಿಸಬೇಕಿಲ್ಲ, ಅದು ಅಲ್ಲಿಗೇ ರದ್ದು. ಜೀತಕ್ಕಿಟ್ಟವನಿಗೆ 3 ವರ್ಷದವರೆಗೂ ಜೈಲು. ನಿಮ್ಮೂರಿನವರು ಯಾರಾದರೂ ಹೀಗೆ ಸಿಕ್ಕಿಬಿದ್ದಿದ್ದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಿ ದೂರು ಕೊಡಿ. ಬಿಡಿಸಿದ ಮೇಲೆ ಬಿಡುಗಡೆ ಪತ್ರ ಕೇಳಿ ಪಡೀರಿ.