ಮೂತಿ ಜಜ್ಜಿದ ಗಾಡಿ, ಮುಗಿಯದ ಕಂತು

ದಾವಣಗೆರೆ: ಎಂ.ಸಿ.ಸಿ. ಬಡಾವಣೆ ಎಂದರೆ ಡಾಕ್ಟರುಗಳ ಬಡಾವಣೆ, ಮೆಡಿಕಲ್ ಕಾಲೇಜು ಹುಡುಗರ ಬಡಾವಣೆ ಎಂದು ಊರವರ ಲೆಕ್ಕ. ಆದರೆ ಬೆಳಗಿನ ಜಾವ 'ಎ' ಬ್ಲಾಕು, 'ಬಿ' ಬ್ಲಾಕಿನ ಮನೆಗಳವರನ್ನು ಎಬ್ಬಿಸುವುದು ಡಾಕ್ಟರ ಕಾರಲ್ಲ, ಲಗೇಜ್ ಗಾಡಿಗಳ ಗುಡುಗುಡು. ಹಾಲಿನದೊಂದು, ತರಕಾರಿಯದೊಂದು, ಮಂಡಕ್ಕಿ ಚೀಲ ಬೆಟ್ಟದ ಹಾಗೆ ಹೇರಿಕೊಂಡದ್ದೊಂದು. ಇವುಗಳಲ್ಲಿ ಯಾವುದಾದರೂ ಒಂದು ದಿನ ಬರಲಿಲ್ಲವೋ, ಅಂಗಡಿಯವರು ಕೇಳುತ್ತಾರೆ. "ಪಿ.ಬಿ. ರೋಡಲ್ಲಿ ಗುದ್ದಿಸ್ಕೊಂಡನಂತ್ರೀ, ಪಾಪ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಸುದ್ದಿ ಮುಗಿಯಿತು. ಗಾಡಿಯವನ ಪಾಡು ಮಾತ್ರ ಶುರುವಾಗುವುದೇ ಅಲ್ಲಿಂದ.

ಮನೆಯ ಕಾರು ಜಜ್ಜಿದರೆ ಮಾಲೀಕ ನಾಲ್ಕು ದಿನ ಸಿಟಿ ಬಸ್ಸು ಹತ್ತಿಯಾನು. ದುಡಿಯುವ ಗಾಡಿ ಜಜ್ಜಿದರೆ ಪೆಟ್ಟು ನೇರ ಒಲೆಗೆ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಡ್ರೈವರಾಗಿದ್ದವನೇ ಸಾಲ ಮಾಡಿ ಮಾಲೀಕನಾದ. ಲಾಭವೂ ಅವನದೇ, ಪೆಟ್ಟೂ ಅವನದೇ ಆಯಿತು. ಗಾಡಿ ಗ್ಯಾರೇಜಿನಲ್ಲಿ ಮಲಗಿದರೂ ಫೈನಾನ್ಸಿನವರ ಕಂತು ಮಲಗುವುದಿಲ್ಲ. ನಿಂತ ದಿನಗಳ ಬಾಡಿಗೆಯನ್ನು ಸಾಮಾನ್ಯ ಇನ್ಶೂರೆನ್ಸ್ ಪಾಲಿಸಿ ಕೊಡುವುದೂ ಇಲ್ಲ. ಅದು ಕೊಡುವುದು ರಿಪೇರಿಯದ್ದಷ್ಟೇ, ಅದೂ ಕಡಿತದ ಕತ್ತರಿ ಆಡಿಸಿದ ಮೇಲೆ.

ರಸ್ತೆಯಲ್ಲೇ ರಾಜಿ

ಗುದ್ದಿದ ಐದೇ ನಿಮಿಷಕ್ಕೆ ಪಂಚಾಯ್ತಿ ಸೇರುತ್ತದೆ. "ಏ ಬಿಡ್ರಣ್ಣ, ಸ್ಟೇಷನ್ನು ಕೋರ್ಟು ಅಂತ ಯಾಕ್ ಅಲೀತೀರಿ? ಅವರೊಂದಿಷ್ಟು ಕೊಡ್ತಾರೆ, ಇಸ್ಕೊಂಡು ಹೋಗ್ರಿ" ಎನ್ನುವ ಹಿರಿಯರೊಬ್ಬರು ಎಲ್ಲಿಂದಲೋ ಹಾಜರು. ಕೈಗೆ ಬಂದದ್ದು ಬರಲಿ ಎಂದು ಗಾಡಿಯವನೂ ಒಪ್ಪುತ್ತಾನೆ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿದಾಗ ರೇಡಿಯೇಟರ್ ಒಡೆದಿರುತ್ತದೆ, ಚಾಸಿ ಬಾಗಿರುತ್ತದೆ. ಅಷ್ಟು ಹೊತ್ತಿಗೆ ಎದುರಿನವನು ಹರಿಹರ ದಾಟಿರುತ್ತಾನೆ!

ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಯಾರಿಗೂ ದುಡ್ಡು ಕೊಡಬಾರದು ಎಂಬ ಷರತ್ತು ಪಾಲಿಸಿಯಲ್ಲೇ ಇದೆ. ಅದನ್ನು ಓದಿದವರು ಎಷ್ಟು ಜನ? ಯಾರಿಗಾದರೂ ಗಾಯವಾಗಿದ್ದರಂತೂ ರಾಜಿಯ ಮಾತೇ ಬೇಡ, ಮೊದಲು ಆಸ್ಪತ್ರೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುವುದೂ ಅದನ್ನೇ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು.

ಠಾಣೆಯೆಂದರೆ ಜನ ಹೆದರುವುದು ಗಾಡಿ ಅಲ್ಲೇ ತುಕ್ಕು ಹಿಡಿಯುತ್ತದೆಂದು. ಹೆದರಿಕೆ ಸುಳ್ಳೇನಲ್ಲ. ಆದರೆ ಕಾನೂನು ಬೇರೆಯೇ ಹೇಳುತ್ತದೆ. ಬ್ರೇಕ್ ಇನ್‌ಸ್ಪೆಕ್ಟರ್ ತಪಾಸಣೆಗೆಂದು ಗಾಡಿ ಒಯ್ದರೆ ಎಲ್ಲಿಗೆ ಒಯ್ದದ್ದೆಂದು ಮಾಲೀಕನಿಗೆ ತಿಳಿಸಬೇಕು, ಕೆಲಸ ಮುಗಿಸಿ 24 ಗಂಟೆಯೊಳಗೆ ವಾಪಸು ಕೊಡಬೇಕು. ಇದು 136ನೇ ಕಲಮು. ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಹಾಕಬೇಡಿ, ಬಾಂಡು ಬರೆಸಿಕೊಂಡು ಬಿಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಗುಜರಾತಿನ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಮೊಕದ್ದಮೆಯಲ್ಲಿ ಹೇಳಿದೆ. ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು, ಅಷ್ಟೇ.

ಪೊಲೀಸರಿಗೆ ತೋರಿಸುವ ಪಾಲಿಸಿ

"ಇನ್ಶೂರೆನ್ಸ್ ಐತಲ್ರೀ" ಎಂದು ಎದೆ ತಟ್ಟಿ ಹೇಳುವವರ ಪಾಲಿಸಿ ಬಿಡಿಸಿ ನೋಡಿದರೆ ಎಷ್ಟೋ ಸಲ ಅದು ಬರೀ ಥರ್ಡ್ ಪಾರ್ಟಿ. ಅದರಿಂದ ಎದುರಿನವನಿಗೆ ಪರಿಹಾರ ಸಿಗುತ್ತದೆ. ಸ್ವಂತ ಗಾಡಿಗೆ ಒಂದು ಪೈಸೆಯೂ ಇಲ್ಲ.

ಫುಲ್ ಪಾಲಿಸಿ ಇದ್ದವರಿಗೂ ಒಂದು ಗುಂಡಿ ಕಾದಿರುತ್ತದೆ. ಸರಕು ಗಾಡಿಯ ಪಾಲಿಸಿಯಲ್ಲಿ ಬಾನೆಟ್, ಬಂಪರ್, ಮಡ್‌ಗಾರ್ಡ್, ಲೈಟು, ಟಯರು, ಟ್ಯೂಬು, ಬಣ್ಣ, ಇವಕ್ಕೆ ಮಾಮೂಲಾಗಿ ದುಡ್ಡಿಲ್ಲ. ಮುಂದಿನಿಂದ ಗುದ್ದಿದರೆ ಮೊದಲು ಹೋಗುವುದೇ ಇವು! ಹೆಚ್ಚಿನ ಪ್ರೀಮಿಯಂ ಕಟ್ಟಿ 'ಐ.ಎಂ.ಟಿ. 23' ಎಂಬ ಸಾಲನ್ನು ಸೇರಿಸಿಕೊಂಡಿದ್ದರೆ ಮಾತ್ರ ಇವು ಒಳಗೆ ಬರುತ್ತವೆ. ಪಾಲಿಸಿ ಮಾಡಿಸುವಾಗ ಏಜೆಂಟರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ. ನಮ್ಮವರು ಕೇಳುವುದು "ಎಷ್ಟ್ ಕಮ್ಮಿ ಮಾಡ್ತೀರಿ?" ಅಂತ.

ಇನ್ನು ಕಡಿತದ ಕತ್ತರಿ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಅರ್ಧಕ್ಕರ್ಧ ಕಡಿತ. ಗಾಜಿಗೆ ಕಡಿತವಿಲ್ಲ. ಕಬ್ಬಿಣದ ಸಾಮಾನಿಗೆ ಗಾಡಿಯ ವಯಸ್ಸು ನೋಡುತ್ತಾರೆ: ಎರಡು ದಾಟಿ ಮೂರು ವರ್ಷದೊಳಗಾದರೆ ಶೇಕಡಾ 15, ಐದು ದಾಟಿ ಹತ್ತರೊಳಗಾದರೆ ಶೇಕಡಾ 40. ಆರು ವರ್ಷದ ಗಾಡಿಗೆ 10,000 ರೂಪಾಯಿಯ ಸಾಮಾನು ಹಾಕಿದರೆ 4,000 ಮಾಲೀಕನ ಜೇಬಿನದು. ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ ಶೇಕಡಾ 75 ಮೀರಿತೋ, ಅದು 'ಟೋಟಲ್ ಲಾಸ್' ಲೆಕ್ಕ.

ಅವಸರ ಬೇಡ. ಸರ್ವೇಯರ್ ಬಂದು ನೋಡುವ ಮೊದಲೇ ಗಾಡಿ ಬಿಚ್ಚಿಸಿ, ಹಳೆ ಸಾಮಾನು ಗುಜರಿಗೆ ಹಾಕಿ, ಆಮೇಲೆ ಕ್ಲೇಮು ಕೇಳಿದರೆ ಯಾರು ಕೊಡುತ್ತಾರೆ? ಕೈಯಲ್ಲೇ ಫೋನಿದೆ, ಗುದ್ದಿದ ಜಾಗದಲ್ಲೇ ನಾಲ್ಕೂ ಕಡೆಯಿಂದ ಫೋಟೊ ಹೊಡೆದುಕೊಂಡರೆ ಸಾಕು.

ಲೈಸೆನ್ಸಿನ ತಕರಾರು

ಹಲವು ವರ್ಷ ಗಾಡಿಯವರ ನಿದ್ದೆಗೆಡಿಸಿದ ತಕರಾರಿದು. "ಡ್ರೈವರ್ ಹತ್ರ ಬರೀ ಎಲ್.ಎಂ.ವಿ. ಲೈಸೆನ್ಸಿದೆ, ಬಾಡಿಗೆ ಗಾಡಿ ಓಡಿಸೋ ಬ್ಯಾಡ್ಜಿಲ್ಲ" ಎಂದು ಕ್ಲೇಮು ತಳ್ಳಿಹಾಕುತ್ತಿದ್ದರು. 2017ರಲ್ಲಿ ಮುಕುಂದ್ ದೇವಾಂಗನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದು ಸಲ್ಲದೆಂದಿತು. ವಿಮಾ ಕಂಪನಿಗಳು ಬಿಡಲಿಲ್ಲ. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು: 7,500 ಕಿಲೋ ಮೀರದ ಸರಕು ಗಾಡಿ, ಆಟೊ ಓಡಿಸಲು ಎಲ್.ಎಂ.ವಿ. ಲೈಸೆನ್ಸೇ ಸಾಕು. ಈಗಲೂ ಆ ನೆಪ ಹೇಳುವವರಿಗೆ ಈ ತಾರೀಖು ಹೇಳಬಹುದು.

ತಪ್ಪು ಎದುರಿನವನದಾದರೆ ಇನ್ನೊಂದು ದಾರಿಯಿದೆ. ಅವನ ಥರ್ಡ್ ಪಾರ್ಟಿ ಪಾಲಿಸಿಯಿಂದ ಗಾಡಿಯ ನಷ್ಟ ಕೇಳಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಗುದ್ದಿದ್ದು ಹಾವೇರಿಯಲ್ಲಾದರೂ ಮನೆ ದಾವಣಗೆರೆಯಲ್ಲಿದ್ದರೆ ಇಲ್ಲೇ ಅರ್ಜಿ ಹಾಕಬಹುದು. ಕೇಸು ಬೇಗ ಮುಗಿಯುತ್ತದೆಂದು ಮಾತ್ರ ಯಾರೂ ನಂಬಬೇಕಿಲ್ಲ.

ಸ್ವಂತ ಕಂಪನಿಯೇ ಕ್ಲೇಮು ತಿರಸ್ಕರಿಸಿದರೆ ಮೊದಲು ಅಲ್ಲಿಗೇ ಬರಹದಲ್ಲಿ ದೂರು. ತಿಂಗಳು ಕಾದರೂ ಉತ್ತರವಿಲ್ಲವೋ, ಬಂದ ಉತ್ತರ ಒಪ್ಪಿಗೆಯಿಲ್ಲವೋ, ವರ್ಷದೊಳಗೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಫೀಸಿಲ್ಲ, ವಕೀಲರೂ ಬೇಕಿಲ್ಲ. ಪಾಲಿಸಿಯ ಕಾಗದ ಬೇಕು. ಡ್ಯಾಶ್‌ಬೋರ್ಡಿನಲ್ಲಿಟ್ಟದ್ದು ಗಾಡಿಯ ಮೂತಿಯ ಜೊತೆಗೇ ಜಜ್ಜಿಹೋಗಿರದಿದ್ದರೆ ಸರಿ.