ವೀಸಾಕ್ಕೆ ಖಾತೆ ಬೇಕು, ಖಾತೆಗೆ ವೀಸಾ ಬೇಕು

ಸರದಿಯ ಚೀಟಿ ಹಿಡಿದು ಬ್ಯಾಂಕಿನಲ್ಲಿ ಕಾಯುವುದೆಂದರೇನು ಎಂಬುದು ನನಗೆ ಅರ್ಥವಾದದ್ದು ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಅದೂ ಪರದೇಶದಲ್ಲಿ. ಮೂವತ್ತೈದು ವರ್ಷ ನಾನು ಕೌಂಟರಿನ ಒಳಗಡೆ ಕುಳಿತವನು. ಕರ್ನಾಟಕದ ಒಂಬತ್ತು ಶಾಖೆಗಳಲ್ಲಿ ಎಷ್ಟು ಸಾವಿರ ಖಾತೆಗಳನ್ನು ತೆರೆದೆನೋ ಲೆಕ್ಕವಿಟ್ಟಿಲ್ಲ. ಅಂಥವನು 2025ರ ಆಗಸ್ಟ್ ತಿಂಗಳಿನ ಒಂದು ಬೆಳಿಗ್ಗೆ, ಬ್ಯಾಂಕಾಕಿಗೆ ಅಂಟಿಕೊಂಡಿರುವ ನೊಂಥಬುರಿಯ ಬ್ಯಾಂಕ್ ಶಾಖೆಯೊಂದರಲ್ಲಿ ಕಡತವನ್ನು ಎದೆಗವಚಿಕೊಂಡು ಕುಳಿತಿದ್ದೆ. ನನಗೆ ಬೇಕಾಗಿದ್ದುದು ಒಂದು ಉಳಿತಾಯ ಖಾತೆ ಮಾತ್ರ.

ನಮ್ಮ ಒಬ್ಬನೇ ಮಗ ಬ್ಯಾಂಕಾಕಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಅವಲಂಬಿತರೆಂದು ಬರೆಸಿಕೊಂಡು ಅಲ್ಲಿರಲು ದಾರಿಯಿತ್ತು. ಆದರೆ ಆ ಅನುಮತಿಯ ಬೇರು ಅವನ ಉದ್ಯೋಗದಲ್ಲಿರುತ್ತದೆ. ಉದ್ಯೋಗ ಹೋದ ದಿನ ತಂದೆತಾಯಿಯೂ ಗಂಟುಮೂಟೆ ಕಟ್ಟಬೇಕಾಗುತ್ತದೆ. ದುಡಿದು ಉಳಿಸಿದ ಹಣ ಕೈಯಲ್ಲಿರುವಾಗ ಮಗನ ನೌಕರಿಗೆ ಇನ್ನೊಂದು ಭಾರವಾಗುವುದೇಕೆ ಎಂದು ಅವನ ಮನೆಗೆ ಹತ್ತಿರದಲ್ಲೇ ಪುಟ್ಟ ಬಾಡಿಗೆ ಮನೆ ಹಿಡಿದೆವು. ನಿವೃತ್ತರಿಗಾಗಿ ಥಾಯ್ಲೆಂಡ್ ನೀಡುವ ಅನುಮತಿಯನ್ನು ನನ್ನ ಹೆಸರಿನಲ್ಲೇ ಪಡೆಯುವುದೆಂದು ನಿಶ್ಚಯಿಸಿದೆ.

ಷರತ್ತುಗಳೇನೂ ಅಸ್ಪಷ್ಟವಾಗಿಲ್ಲ. ಅರ್ಜಿದಾರನಿಗೆ 50 ವರ್ಷ ತುಂಬಿರಬೇಕು. ತಿಂಗಳಿಗೆ 65,000 ಬಾತ್ ಆದಾಯವಿರಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ ಸ್ವಂತ ಹೆಸರಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು. ಬ್ಯಾಂಕ್ ಅಧಿಕಾರಿಯ ಪಿಂಚಣಿ ಮೊದಲನೆಯ ಗಡಿಯನ್ನು ಮುಟ್ಟದು. ಎರಡನೆಯದೆಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮೀರಿದ ಮೊತ್ತ. ಗ್ರಾಚ್ಯುಟಿ, ಭವಿಷ್ಯನಿಧಿಗಳಲ್ಲಿ ಉಳಿದುದರ ದೊಡ್ಡ ಪಾಲು. ಸ್ವದೇಶದಿಂದಲೇ ಅರ್ಜಿ ಸಲ್ಲಿಸುವ ಮತ್ತೊಂದು ಬಗೆಯ ನಿವೃತ್ತಿ ವೀಸಾ ಉಂಟು. ಅದಕ್ಕೆ ಪೊಲೀಸ್ ಮತ್ತು ವೈದ್ಯಕೀಯ ಪ್ರಮಾಣಪತ್ರಗಳ ಜೊತೆಗೆ 30 ಲಕ್ಷ ಬಾತ್ ಮೊತ್ತದ ಆರೋಗ್ಯ ವಿಮೆ ಬೇಕು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯವನಿಗೆ ಅಂಥ ವಿಮೆ ನೀಡುವವರಾರು? ಹಾಗಾಗಿ ಭಾರತೀಯರಿಗೆ ಆಗ ವೀಸಾ ಇಲ್ಲದೆಯೇ ದೊರೆಯುತ್ತಿದ್ದ 60 ದಿನಗಳ ಪ್ರವೇಶದಲ್ಲಿ ಹೋಗಿ, ಅಲ್ಲಿಯೇ ಅದನ್ನು ಬದಲಾಯಿಸಿಕೊಳ್ಳುವ ದಾರಿ ಹಿಡಿದೆ.

ತೊಡಕು ಎದುರಾದದ್ದು ಅಲ್ಲಿಯೇ. ವಲಸೆ ಕಚೇರಿ ಕೇಳುವುದು ಥಾಯ್ ಬ್ಯಾಂಕಿನ ಪಾಸ್‌ಬುಕ್ಕನ್ನು, ಅದಕ್ಕೆ ಹಣ ವಿದೇಶದಿಂದ ಬಂದಿದೆಯೆಂಬ ಪುರಾವೆಯನ್ನು. ಬ್ಯಾಂಕು ಕೇಳುವುದು ದೀರ್ಘಾವಧಿಯ ವೀಸಾವನ್ನು. ಇತ್ತ ಭಾರತದ ನನ್ನ ಬ್ಯಾಂಕು ಹಣ ಕಳುಹಿಸಲು ಸಿದ್ಧವಿದ್ದರೂ ಎ-2 ಫಾರಂನಲ್ಲಿ ಬರೆಯಲು ಅಲ್ಲಿನ ಖಾತೆಯ ಸಂಖ್ಯೆ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಹೆಂಡತಿ ನೆನಪಿಸಿದಳು.

ಫಾರಂ ತುಂಬುವಾಗಲೇ ಮೊದಲ ಎಡವಟ್ಟಾಯಿತು. ಇಸವಿಯ ಜಾಗದಲ್ಲಿ ಬೌದ್ಧ ಶಕೆಯ 2568 ಎಂದು ಬರೆಯಬೇಕಿತ್ತು, ಅದು ಸುಲಭ. ಕುಲನಾಮದ ಜಾಗದಲ್ಲಿ ಏನು ಬರೆಯುವುದು? ನಮ್ಮ ಕಡೆ ಹೆಸರಿನ ಮೊದಲು ಊರಿನ, ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಕುಲನಾಮವೆಂಬುದು ಎಷ್ಟೋ ಮಂದಿಗೆ ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಆ ಸಾಲು ಖಾಲಿ. ಗಣಕಯಂತ್ರ ಖಾಲಿಯನ್ನು ಒಪ್ಪಲಿಲ್ಲ. ಕೌಂಟರಿನ ತರುಣಿ ಎರಡು ಬಾರಿ ಪ್ರಯತ್ನಿಸಿ, ಒಳಗೆ ಹೋಗಿ ಮೇಲಧಿಕಾರಿಯನ್ನು ಕೇಳಿ ಬಂದು, ಕೈಜೋಡಿಸಿ, ಪ್ರವಾಸಿಗರಿಗೆ ಖಾತೆ ತೆರೆಯಲಾಗದೆಂದು ತಿಳಿಸಿದಳು.

ಅವಳ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ. ದೂರವಾಣಿಯಲ್ಲಿ ವಂಚಿಸುವ ಜಾಲಗಳು ಕದ್ದ ಹಣವನ್ನು ದಾಟಿಸುವುದು ಇನ್ನೊಬ್ಬರ ಹೆಸರಿನಲ್ಲಿ ತೆರೆದ ಬಾಡಿಗೆ ಖಾತೆಗಳ ಮೂಲಕ. 2023ರಲ್ಲಿ ಥಾಯ್ಲೆಂಡ್ ಹೊರಡಿಸಿದ ಸುಗ್ರೀವಾಜ್ಞೆಯ ಪ್ರಕಾರ ಹಾಗೆ ಖಾತೆಯನ್ನು ಬಿಟ್ಟುಕೊಟ್ಟವರಿಗೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು. 2025ರಲ್ಲಿ ಬ್ಯಾಂಕುಗಳ ಹೊಣೆಯನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ಗುರುತಿಲ್ಲದ ವಿದೇಶಿಯೊಬ್ಬನಿಗೆ ಖಾತೆ ತೆರೆದು ತೊಂದರೆಗೆ ಸಿಲುಕಲು ಯಾವ ನೌಕರ ತಾನೇ ಮುಂದಾಗುತ್ತಾನೆ? ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮಾಡಿದ್ದೆ ಕೂಡ.

1991ರಲ್ಲಿ ನಾನು ಬೆಂಗಳೂರಿನ ಹೊಸ ಬಡಾವಣೆಯೊಂದರ ಶಾಖೆಯಲ್ಲಿದ್ದೆ. ಎದುರಿಗೆ ಏಳುತ್ತಿದ್ದ ಕಟ್ಟಡದ ಗಾರೆ ಕೆಲಸಕ್ಕೆ ರಾಯಚೂರು ಕಡೆಯ ಒಬ್ಬ ಬಂದಿದ್ದ. ಒಂದು ಶನಿವಾರ ಕೂಲಿಯ ಹಣವನ್ನು ಪಂಚೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಖಾತೆ ಬೇಕೆಂದ. ವಿಳಾಸ ಕೇಳಿದರೆ ಕಟ್ಟಡದತ್ತ ಕೈ ತೋರಿಸಿದ. ಆ ಕಾಲದಲ್ಲಿ ಹೊಸ ಖಾತೆಗೆ ಹಳೆಯ ಖಾತೆದಾರರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಯಾರದಾದರೂ ಸಹಿ ತೆಗೆದುಕೊಂಡು ಬಾ ಎಂದು ಕಳುಹಿಸಿದೆ. ಅವನಿಗೆ ಈ ಊರಿನಲ್ಲಿ ಯಾರು ಗೊತ್ತು? ತಲೆಯಾಡಿಸಿ ಹೋದ; ಮತ್ತೆ ಬರಲಿಲ್ಲ. ನಿಯಮ ಪಾಲಿಸಿದ ಸಮಾಧಾನದಲ್ಲಿ ನಾನು ಮುಂದಿನ ಚಲನ್ ಕೈಗೆತ್ತಿಕೊಂಡೆ.

ನೊಂಥಬುರಿಯಲ್ಲಿ ಮೂರು ಶಾಖೆಗಳಿಂದ ಬರಿಗೈಯಲ್ಲಿ ಮರಳಿದ ಮೇಲೆ ನಮ್ಮ ಸಹಾಯಕ್ಕೆ ನಿಂತವರು ಮನೆಯ ಒಡತಿ. ಎಪ್ಪತ್ತು ದಾಟಿದ ಅವರನ್ನು ಓಣಿಯವರೆಲ್ಲ ‘ಪಾ’ ಎಂದು ಕರೆಯುತ್ತಾರೆ. ತಂದೆಯ ಅಥವಾ ತಾಯಿಯ ಅಕ್ಕ ಎಂದರ್ಥ, ನಮ್ಮ ದೊಡ್ಡಮ್ಮನ ಹಾಗೆ. ವಲಸೆ ಕಚೇರಿಯಿಂದ ವಾಸದ ಪ್ರಮಾಣಪತ್ರ ತಂದರೆ ಬ್ಯಾಂಕಿನವರು ಪರಿಶೀಲಿಸಬಹುದೆಂದು ಅವರು ವಿಚಾರಿಸಿಕೊಂಡು ಬಂದರು. ಆ ಪತ್ರ ಬೇಕಾದರೆ ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ಮನೆಯ ಮಾಲೀಕರು ಕಚೇರಿಗೆ ತಿಳಿಸಿರಬೇಕು. ಅವರು ತಿಳಿಸಿರಲಿಲ್ಲ. ತಪ್ಪೊಪ್ಪಿಕೊಂಡು, ದಂಡ ತೆತ್ತು, ಕಾಗದ ಕೈಗೆ ಬಂದ ಮಾರನೆಯ ದಿನ ತಾವು ಇಪ್ಪತ್ತು ವರ್ಷಗಳಿಂದ ಖಾತೆ ಹೊಂದಿರುವ ಶಾಖೆಗೆ ನಮ್ಮನ್ನು ಕರೆದೊಯ್ದರು. ವ್ಯವಸ್ಥಾಪಕಿಯೊಡನೆ ಹತ್ತು ನಿಮಿಷ ಮಾತನಾಡಿದರು. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಕುಲನಾಮದ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು ವ್ಯವಸ್ಥಾಪಕಿ ಖಾತೆ ತೆರೆದರು. ಯಾವ ನಿಯಮದಲ್ಲಿಯೂ ಪರಿಚಯದ ಸಹಿಯ ಮಾತಿರಲಿಲ್ಲ. ಕೆಲಸ ನಡೆದದ್ದು ಮಾತ್ರ ಪರಿಚಯದಿಂದಲೇ.

ಮುಂದಿನದು ಹಣದ ಪ್ರಯಾಣ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ಭಾರತೀಯರು ಆರ್ಥಿಕ ವರ್ಷವೊಂದಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ನನ್ನಂಥ ಪ್ರಕರಣದಲ್ಲಿ ಶೇ 20ರಷ್ಟು ತೆರಿಗೆಯನ್ನು ಮೂಲದಲ್ಲೇ ಸಂಗ್ರಹಿಸುತ್ತಾರೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಅಷ್ಟು ಹಣವನ್ನು ಹೆಚ್ಚಿಗೆ ಒದಗಿಸಿಕೊಂಡಿರಬೇಕು. ನೆಲೆಸುವ ಉದ್ದೇಶದಿಂದ ದೇಶ ಬಿಟ್ಟವರು ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕೆಂಬುದನ್ನೂ ಮರೆಯಬಾರದು.

ಹಣ ತಲುಪಿದ ಮೇಲೆ ಮೊದಲು 90 ದಿನಗಳ ವೀಸಾ ದೊರೆಯಿತು. ಎರಡು ತಿಂಗಳು ಹಣವನ್ನು ಅಲುಗಾಡಿಸದೆ ಇಟ್ಟ ಬಳಿಕ ಒಂದು ವರ್ಷದ ಅನುಮತಿಯ ಮುದ್ರೆ ಬಿತ್ತು. ಮುದ್ರೆ ಬಿದ್ದ ಮೇಲೂ ಮೂರು ತಿಂಗಳು ಪೂರ್ತಿ ಮೊತ್ತ ಅಲ್ಲಿಯೇ ಇರಬೇಕು. ಆನಂತರವೂ 4 ಲಕ್ಷಕ್ಕಿಂತ ಕೆಳಗಿಳಿಯುವಂತಿಲ್ಲ. ಪ್ರತಿ 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ವರ್ಷ ಕಳೆದರೆ ಇದೆಲ್ಲ ಮತ್ತೆ ಮೊದಲಿನಿಂದ.

ಪಾಸ್‌ಬುಕ್ಕನ್ನು ತಿರುವಿ ನೋಡಿದ ಹೆಂಡತಿ, “ಅಲ್ಲಾ ರೀ, ನಿಮಗೇನಾದರೂ ಆದರೆ ಈ ದುಡ್ಡು ನನಗೆ ಯಾರು ಕೊಡ್ತಾರೆ?” ಎಂದಳು. ಬ್ಯಾಂಕಿನವನಾದ ನನಗೆ ಅದು ಹೊಳೆದಿರಲಿಲ್ಲ. ನಮ್ಮಲ್ಲಿರುವ ನಾಮನಿರ್ದೇಶನದ ಕಾಲಂ ನಾನು ತುಂಬಿದ ಫಾರಂನಲ್ಲಿ ಇರಲೇ ಇಲ್ಲ. ಖಾತೆದಾರ ತೀರಿಕೊಂಡರೆ ಆಸ್ತಿಯ ಆಡಳಿತಾಧಿಕಾರಿಯನ್ನು ನ್ಯಾಯಾಲಯ ನೇಮಿಸುವವರೆಗೆ ಹಣ ಕೈಗೆ ಸಿಗದು. ಅಂದಿನ ವಾರವೇ ವಕೀಲರೊಬ್ಬರನ್ನು ಕಂಡು ಅಲ್ಲಿನ ಕಾನೂನಿನಂತೆ ಉಯಿಲು ಬರೆಸಿದೆ. ಹೀಗೆ ಹೊರಡುವ ಹಿರಿಯರಿಗೆ ನಾನು ಹೇಳಬಲ್ಲ ಮೊದಲ ಕಿವಿಮಾತು ಇದು.

ಎರಡನೆಯ ಮಾತು ನಮ್ಮ ಬ್ಯಾಂಕುಗಳ ಒಳಗೆ ಕುಳಿತವರಿಗೆ. ಗ್ರಾಹಕರನ್ನು ಅರಿಯುವ ನಿಯಮಗಳನ್ನು ರಿಸರ್ವ್ ಬ್ಯಾಂಕ್ 2002ರಲ್ಲಿ ರೂಪಿಸಿತು. ಆ ನಿಯಮಗಳು ಬಡವರಿಗೆ ಬಾಗಿಲು ಮುಚ್ಚಬಾರದೆಂದು 2005ರಲ್ಲಿ ಸರಳ ಖಾತೆ ಬಂತು, 2014ರಲ್ಲಿ ಜನಧನ ಬಂತು. ರಾಯಚೂರಿನ ಕೂಲಿಗೆ ಇಂದು ಪರಿಚಯದ ಸಹಿ ಬೇಕಿಲ್ಲ. ಆದರೂ ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತದೆ ಮರಳುವ ಅಜ್ಜಿಯರು, ದಾಖಲೆ ನವೀಕರಿಸಲಿಲ್ಲವೆಂದು ಪಿಂಚಣಿ ತಡೆಹಿಡಿಯಲ್ಪಟ್ಟ ಹಿರಿಯರು ನಮ್ಮ ಶಾಖೆಗಳಲ್ಲಿ ಈಗಲೂ ಕಾಣಸಿಗುತ್ತಾರೆ. ವಂಚಕನನ್ನು ತಡೆಯುವ ನಿಯಮ ಬೇಕು. ಆದರೆ ಅದರ ಎದುರು ಮೊದಲು ಸೋಲುವವನು ಕಾಗದವಿಲ್ಲದ ಪ್ರಾಮಾಣಿಕ. ಕಸುಬುದಾರ ವಂಚಕನ ಕಡತ ಎಂದೂ ಅಚ್ಚುಕಟ್ಟಾಗಿಯೇ ಇರುತ್ತದೆ. ಇಬ್ಬರನ್ನು ಬೇರ್ಪಡಿಸಲು ಎದುರಿಗೆ ಕುಳಿತವನು ತಲೆಯೆತ್ತಿ ನೋಡಬೇಕು.

ಗಾರೆ ಕೆಲಸದ ಆ ಮನುಷ್ಯನನ್ನು ನಾನು ಎಂಟು ತಿಂಗಳು ದಿನವೂ ನೋಡಿದ್ದೆ. ಬೆಳಿಗ್ಗೆ ಶಾಖೆಯ ಬಾಗಿಲು ತೆರೆಯುವಾಗ ಅವನು ಎದುರಿನ ಅಟ್ಟಣಿಗೆಯ ಮೇಲಿರುತ್ತಿದ್ದ, ನನ್ನನ್ನು ಕಂಡು ಕೈಯೆತ್ತಿ ನಮಸ್ಕರಿಸುತ್ತಿದ್ದ. ಅವನನ್ನು ಅರಿತ ಹಳೆಯ ಖಾತೆದಾರ ಆ ಶಾಖೆಯಲ್ಲಿ ಒಬ್ಬನಿದ್ದ, ಅದು ನಾನೇ. ನೊಂಥಬುರಿಯಲ್ಲಿ ದೊಡ್ಡಮ್ಮ ನನಗಾಗಿ ಮಾಡಿದ್ದನ್ನು ಅಂದು ನಾನು ಅವನಿಗಾಗಿ ಮಾಡಬಹುದಿತ್ತು.