ಬಾಗಿಲಿಗೆ ಗನ್ ಹಿಡಿಯೋ ಮುಂಚೆ

ಬಾಗಿಲಿಗೆ ಸ್ಪ್ರೇ ಪೇಂಟ್ ಹೊಡೆಸಿದ್ರಿ. ಕೈಯಾಡಿಸಿದ್ರೆ ಕಿತ್ತಳೆ ಸಿಪ್ಪೆ ಮುಟ್ಟಿದ ಹಾಗೆ! ಬಣ್ಣ ಗಟ್ಟಿಯಾಗಿತ್ತು, ಇಲ್ಲಾ ಗನ್ ದೂರ ಇತ್ತು. ಹನಿಗಳು ಒಂದಕ್ಕೊಂದು ಬೆರೆತು ಹರಡೋ ಮೊದಲೇ ಒಣಗಿಬಿಟ್ವು.

ಡಬ್ಬದ ಮೇಲೆ ಬರೆದಿರೋ ಅಳತೆಗೆ ಥಿನ್ನರ್ ಹಾಕಿ, ಬಟ್ಟೆಯಲ್ಲಿ ಸೋಸಿ. ಗನ್ 6ರಿಂದ 8 ಇಂಚು ದೂರ ಇರಲಿ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಬಾಗಿಲಿಗೆ ಸಮನಾಗಿ ಸಾಗಲಿ. ಬಾಗಿಲ ಅಂಚಿನ ಹೊರಗೇ ಟ್ರಿಗರ್ ಒತ್ತಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಪಟ್ಟೆಯ ಅರ್ಧ ಹಿಂದಿನದರ ಮೇಲೆ ಬೀಳಬೇಕು.

ಇನ್ನು ನಮ್ಮ ಹಾಸನ ಜಿಲ್ಲೆಯ ಹವೆ. ಇದನ್ನ ಯಾರೂ ಲೆಕ್ಕಕ್ಕೇ ಇಡಲ್ಲ! ಚನ್ನರಾಯಪಟ್ಟಣದ ಬೇಸಿಗೆಯಲ್ಲಿ ಬಣ್ಣ ಬೇಗ ಒಣಗುತ್ತೆ, ಧೂಳೂ ಕೂರುತ್ತೆ: ನೆಲಕ್ಕೆ ನೀರು ಚಿಮುಕಿಸಿ, ನೆರಳಲ್ಲಿ ಹೊಡೀರಿ. ಅರಕಲಗೂಡಿನ ಮುಂಗಾರಲ್ಲಿ, ಹೊಳೆನರಸೀಪುರದ ಹೇಮಾವತಿ ದಡದ ಮಂಜಿನ ಬೆಳಗಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಬೆಳ್ಳಗೆ ಮಬ್ಬಾಗಬಹುದು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಹಿಡಿಯುತ್ತೆ, ಅದಕ್ಕೆ. ಬಿಸಿಲು ಏರೋವರೆಗೆ ಕಾಯಿರಿ. ಕಂಪ್ರೆಸರ್ ಟ್ಯಾಂಕಿನ ನೀರನ್ನೂ ಬಸಿದುಬಿಡಿ.

ಕೋಟು ಕೋಟಿನ ನಡುವೆ 320 ನಂಬರ್ ಉಪ್ಪುಕಾಗದ, ಹಗುರ ಕೈ. ಮಾಸ್ಕ್ ಮರೀಬೇಡಿ. ಹತ್ತಿರ ಬೀಡಿ ಹಚ್ಚೋರನ್ನ ಆಚೆ ಕಳಿಸಿ.